ಓದುಗರ ಪ್ರಶ್ನೆ, ನಮ್ಮ ಉತ್ತರ: ಐರ್ಲೆಂಡಿನ ಸ್ಟ್ಯಾನ್‌ಫೀಲ್ಡ್

ಪ್ರಶ್ನೆ: ವಿಕ್ಟೋರಿಯಾ ರಾಣಿಯ ಕಾಲದ ಐರಿಷ್ ಫುಟ್‌ಬಾಲ್ ಆಟಗಾರ ಸ್ಟ್ಯಾನ್‌ಫೀಲ್ಡ್ 30 ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿ ಅಂದಿಗೆ ವಿಶ್ವದಾಖಲೆ ಮಾಡಿದ್ದರೆಂದು ಓದಿದೆ. ಸಂಜೆ ನಾನು ಆಟ ಕಲಿಸುವ ಹುಡುಗರಿಗೆ ಹೇಳಿದರೆ, “ಮೂವತ್ತು ಏನ್ ದೊಡ್ಡದ್ರೀ ಸರ್, ಈಗಿನವ್ರು ಇನ್ನೂರು ದಾಟ್ಯಾರ” ಎಂದು ನಗುತ್ತಾರೆ. ಅವರ ತಂಡ ಸೋತದ್ದೇ ಹೆಚ್ಚಂತೆ. ಅವರನ್ನು ದೊಡ್ಡ ಆಟಗಾರರೆನ್ನಬಹುದೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಖಂಡಿತ ಎನ್ನಬಹುದು. ಓಲ್ಫರ್ಟ್ ಸ್ಟ್ಯಾನ್‌ಫೀಲ್ಡ್ ಆಡಿದ್ದು 1887ರಿಂದ 1897ರವರೆಗೆ. ಆಗ ಐರ್ಲೆಂಡಿಗಿದ್ದ ಎದುರಾಳಿಗಳು ಇಂಗ್ಲೆಂಡ್, ಸ್ಕಾಟ್‌ಲೆಂಡ್ ಮತ್ತು ವೇಲ್ಸ್ ಮಾತ್ರ. ಅವರೊಂದಿಗೆ ವರ್ಷಕ್ಕೊಂದೊಂದೇ ಪಂದ್ಯ. ಆ ಹನ್ನೊಂದು ವರ್ಷಗಳಲ್ಲಿ ನಡೆದ 33 ಪಂದ್ಯಗಳ ಪೈಕಿ 30ರಲ್ಲಿ ಅವರು ಕಣಕ್ಕಿಳಿದಿದ್ದರೆಂಬುದನ್ನು ಹುಡುಗರಿಗೆ ಹೇಳಿ, ಈಗಿನವರಲ್ಲಿ ಅಷ್ಟು ಕಡಿಮೆ ಪಂದ್ಯ ತಪ್ಪಿಸಿಕೊಂಡವರು ಯಾರೆಂದು ಕೇಳಿ ನೋಡಿ.

ಸೋಲಿನ ಮಾತಿಗೆ ಬಂದರೆ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1863ರಲ್ಲೇ ಹುಟ್ಟಿದ್ದರೆ ಐರ್ಲೆಂಡಿನದು ಬೆಲ್‌ಫಾಸ್ಟ್‌ನಲ್ಲಿ ಸ್ಥಾಪನೆಯಾದದ್ದು 1880ರಲ್ಲಿ; 1882ರ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ ಅದು ಇಂಗ್ಲೆಂಡಿಗೆ 13-0 ಅಂತರದಿಂದ ಸೋತಿತು. ಇಂಗ್ಲೆಂಡಿನಲ್ಲಿ 1885ರಿಂದ ಸಂಬಳ ಪಡೆದು ಆಡಲು ಅನುಮತಿಯಿದ್ದರೂ ಐರ್ಲೆಂಡಿನಲ್ಲಿ ಅದು ಸಿಕ್ಕಿದ್ದು 1894ರಲ್ಲಿ. ಅದಕ್ಕೂ ಮಿಗಿಲಾಗಿ, ಸಂಬಳಕ್ಕಾಗಿ ಸಮುದ್ರ ದಾಟಿದ ಐರಿಷ್ ಆಟಗಾರರನ್ನು 1899ರವರೆಗೆ ದೇಶದ ತಂಡಕ್ಕೆ ಆರಿಸುತ್ತಲೇ ಇರಲಿಲ್ಲ. ಈ ಹಟ ನಮಗಂತೂ ತಿಳಿಗೇಡಿತನವೆಂದೇ ತೋರುತ್ತದೆ.

ಸ್ಟ್ಯಾನ್‌ಫೀಲ್ಡ್ ಬೆಲ್‌ಫಾಸ್ಟ್‌ನ ಡಿಸ್ಟಿಲರಿ ತಂಡದವರು. ಶೆಫೀಲ್ಡ್‌ನಲ್ಲಿ ನಡೆದ ಅವರ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ ಐರ್ಲೆಂಡ್ ಇಂಗ್ಲೆಂಡಿಗೆ 7-0ರಿಂದ ಸೋತಿತಾದರೂ ಅದೇ ವರ್ಷ ವೇಲ್ಸ್ ವಿರುದ್ಧ 4-1ರಿಂದ ತನ್ನ ಇತಿಹಾಸದ ಮೊದಲ ಗೆಲುವು ಕಂಡಿತು. 1891ರಲ್ಲಿ ವೇಲ್ಸ್ ಅನ್ನು 7-2ರಿಂದ ಮಣಿಸಿದಾಗ ನಾಲ್ಕು ಗೋಲುಗಳು ಸ್ಟ್ಯಾನ್‌ಫೀಲ್ಡ್ ಅವರವೇ. ಆದರೂ 1894ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಇಂಗ್ಲೆಂಡಿನೊಂದಿಗೆ 2-2ರಿಂದ ಸಮಬಲ ಸಾಧಿಸಿದ್ದೇ ಹೆಚ್ಚಿನದೆಂದು ನಾವು ಎಣಿಸುತ್ತೇವೆ, ಏಕೆಂದರೆ ಅಲ್ಲಿಯವರೆಗೆ ಇಂಗ್ಲೆಂಡಿನ ಎದುರು ಆಡಿದ ಪ್ರತಿ ಪಂದ್ಯವನ್ನೂ ಐರ್ಲೆಂಡ್ ಸೋತಿತ್ತು. ಸ್ಕಾಟ್‌ಲೆಂಡನ್ನು ಅದು ಸೋಲಿಸಿದ್ದು 1903ರಲ್ಲಿ, ಇಂಗ್ಲೆಂಡನ್ನು 1913ರಲ್ಲಿ. ಸ್ಟ್ಯಾನ್‌ಫೀಲ್ಡ್ ಅವರಿಗೆ ಆ ಭಾಗ್ಯ ಸಿಗಲಿಲ್ಲ.

ಪ್ರಶ್ನೆ: ಪೆನಾಲ್ಟಿ ಕಿಕ್ ಕೂಡ ಐರ್ಲೆಂಡಿನವರ ಕೊಡುಗೆಯೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಹೌದು. ಅರ್ಮಾ ಪ್ರಾಂತ್ಯದ ಮಿಲ್‌ಫರ್ಡ್‌ನ ಗೋಲ್‌ಕೀಪರ್ ವಿಲಿಯಂ ಮೆಕ್ರಮ್ ಅವರ ಸಲಹೆಯನ್ನು ಐರಿಷ್ ಸಂಸ್ಥೆ 1890ರಲ್ಲಿ ಮುಂದಿಟ್ಟಿತು. ಸಭ್ಯ ಆಟಗಾರ ಬೇಕೆಂದೇ ಮೋಸ ಮಾಡುತ್ತಾನೆಂಬ ಅರ್ಥ ಅದರಿಂದ ಬರುತ್ತದೆಂದು ಹಲವರು ಸಿಡಿಮಿಡಿಗೊಂಡರೂ 1891ರ ಜೂನ್‌ನಲ್ಲಿ ಅದು ನಿಯಮವಾಯಿತು. ಆಗ ಪೆನಾಲ್ಟಿಗೆ ಗೊತ್ತಾದ ಚುಕ್ಕೆ ಇರಲಿಲ್ಲ. ಗೋಲಿನಿಂದ 12 ಗಜ ದೂರದ ಗೆರೆಯ ಮೇಲೆ ಎಲ್ಲಿಂದಾದರೂ ಒದೆಯಬಹುದಿತ್ತು, ಗೋಲ್‌ಕೀಪರ್ ಕೂಡ 6 ಗಜ ಮುಂದೆ ಬರಬಹುದಿತ್ತು.