ಒಬ್ಬನೇ ನಟ, ಒಂದು ಬೆಂಚು, ಇಡೀ ತಂಡ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ನಿಮ್ಮ ಪತ್ರ ಉದ್ದ ಇದೆ, ಕೋಪವೂ ಜೋರಾಗಿದೆ. ಕೋಪ ಬಂದವರು ಎರಡು ಸಾಲು ಬೈದು ಸುಮ್ಮನಾಗುವುದು ವಾಡಿಕೆ. ನೀವು ಕೂತು ಪುಟಗಟ್ಟಲೆ ಬರೆದಿದ್ದೀರಿ, ಹಾಗಾಗಿ ಉತ್ತರವನ್ನೂ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಉಳಿದವರಿಗೆ ವಿಷಯ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ನಾವು ಒಂದು ಏಕವ್ಯಕ್ತಿ ನಾಟಕದ ಬಗ್ಗೆ ಬರೆದಿದ್ದೆವು. ಒಬ್ಬ ರಗ್ಬಿ ಆಟಗಾರ, ತಂಡದ ನಾಯಕ, ತಾನು ಸಲಿಂಗಿ ಎಂಬುದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡವನು. ಪಂದ್ಯಕ್ಕೆ ಮುಂಚಿನ ಒಂದು ಗಂಟೆ, ಡ್ರೆಸ್ಸಿಂಗ್ ರೂಮಿನ ಒಂದು ಬೆಂಚು, ಅಷ್ಟೇ ನಾಟಕ. ನಿಮ್ಮ ತಕರಾರು ಏನೆಂದರೆ, ಆಟದ ಮೈದಾನಕ್ಕೆ ಮಲಗುವ ಕೋಣೆಯನ್ನು ಯಾಕೆ ಎಳೆದು ತರಬೇಕು, ಒಬ್ಬನೇ ನಿಂತು ಮಾತಾಡಿದರೆ ಅದು ಭಾಷಣ ಅಲ್ವಾ, ಅದೂ ಅಲ್ಲದೆ ಈಗ ಕಾಲ ಬದಲಾಗಿದೆ, ಯಾರೂ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ, ಮತ್ತೆ ಯಾಕೆ ಈ ಗೋಳು.

ಒಬ್ಬನೇ ನಟ ಯಾಕೆ ಅನ್ನುವುದರಿಂದ ಶುರು ಮಾಡುತ್ತೇನೆ. ಉಳಿದದ್ದಕ್ಕೂ ಉತ್ತರ ಅಲ್ಲೇ ಇದೆ ಅನ್ನುವುದು ನನ್ನ ಲೆಕ್ಕ.

ನಾಟಕದಲ್ಲಿ ಆ ನಟನೇ ಕೋಚ್ ಆಗುತ್ತಾನೆ, ಅಪ್ಪ ಆಗುತ್ತಾನೆ, ಮೈಕ್ ಹಿಡಿದ ವರದಿಗಾರ ಆಗುತ್ತಾನೆ, ಗ್ಯಾಲರಿಯಲ್ಲಿ ಕೂಗುವ ಜನವೂ ಆಗುತ್ತಾನೆ. ಬೇರೆ ನಾಟಕದಲ್ಲಾದರೆ ಇದು ನಟನ ಕಸರತ್ತು, ಚಪ್ಪಾಳೆ ಹೊಡೆದು ಮನೆಗೆ ಬರಬಹುದು. ಇಲ್ಲಿ ಹಾಗಲ್ಲ. ಮುಚ್ಚಿಟ್ಟುಕೊಂಡು ಆಡುವ ಆಟಗಾರ ದಿನಾ ಮಾಡುವುದೇ ಇದನ್ನು. ಕೋಚ್ ಏನಂದುಕೊಂಡಾನು, ಪಕ್ಕದವನು ಯಾಕೆ ಹಾಗೆ ನೋಡಿದ, ಅಪ್ಪನಿಗೆ ಯಾರಾದರೂ ಹೇಳಿದರೆ? ಎಲ್ಲರ ಮಾತನ್ನೂ ಅವನೇ ತಲೆಯೊಳಗೆ ಮೊದಲು ಆಡಿ ನೋಡಿರುತ್ತಾನೆ. ರಜೆ ಮುಗಿಸಿ ಬಂದ ತಂಡದವರು ತಮ್ಮ ತಮ್ಮ ಕಥೆ ಬಿಚ್ಚುವಾಗ ಇವನು ತನ್ನ ಕಥೆಗೆ ಒಂದು ಹುಡುಗಿಯ ಹೆಸರು ಹುಡುಕಬೇಕು, ಮುಂದಿನ ವಾರ ಅದೇ ಹೆಸರು ನೆನಪಿಟ್ಟುಕೊಂಡು ಹೇಳಬೇಕು. ಹತ್ತು ನಟರನ್ನು ತಂದು ನಿಲ್ಲಿಸಿದ್ದರೆ ಕೋಚ್ ಖಳನಾಯಕ ಆಗುತ್ತಿದ್ದ, ಗೆಳೆಯ ಒಳ್ಳೆಯವನು ಆಗುತ್ತಿದ್ದ, ಮುಗಿಯಿತು. ಒಬ್ಬನೇ ಇರುವುದರಿಂದ ಬೈಯುವುದೂ ಬೈಸಿಕೊಳ್ಳುವುದೂ ಒಂದೇ ಗಂಟಲು. ಎದುರಾಳಿಯನ್ನು ಹಿಡಿದು ಕೆಡವುವ ಟ್ಯಾಕಲ್ ತಪ್ಪಿಸಿಕೊಂಡ ಹೊಸ ಹುಡುಗನಿಗೆ ನಾಯಕ ‘ಬಳೆ ತೊಟ್ಕೊಂಡು ಮನೇಲಿ ಕೂತ್ಕೋ’ ಅನ್ನುತ್ತಾನಲ್ಲ, ಆ ದೃಶ್ಯಕ್ಕೆ ಸಭೆ ಗೊಳ್ಳೆಂದು ನಗುತ್ತದೆ. ಬೈದವನು ಯಾರು ಅಂತ ಹೊಳೆಯುವುದಕ್ಕೆ ಅರ್ಧ ಕ್ಷಣ ಬೇಕಾಗುತ್ತದೆ.

ಆದರೆ ನಿಮ್ಮ ಮಾತಿನಲ್ಲಿ ಒಂದು ಪಾಲು ನಿಜ. ಕೊನೆಯ ಹತ್ತು ನಿಮಿಷ ಭಾಷಣವೇ. ಅಲ್ಲಿಯವರೆಗೆ ಮೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಇನ್ನೊಮ್ಮೆ ಹೇಳುತ್ತಾರೆ, ಅದು ಬೇಡವಾಗಿತ್ತು.

ಈಗ ಮಲಗುವ ಕೋಣೆಯ ಮಾತು. ಸ್ವಾಮಿ, ಅದನ್ನು ಮೈದಾನಕ್ಕೆ ತಂದವರು ನಾಟಕದವರಲ್ಲ. ಅದು ಮೊದಲಿನಿಂದಲೂ ಅಲ್ಲೇ ಇದೆ. ಆಟಗಾರನ ಹೆಂಡತಿ ಯಾರು, ಗೆಳತಿ ಯಾರು, ಗ್ಯಾಲರಿಯಲ್ಲಿ ಎಲ್ಲಿ ಕೂತಿದ್ದಾಳೆ ಅಂತ ಕ್ಯಾಮೆರಾ ಹುಡುಕಿ ತೋರಿಸುವಾಗ ಇದು ಖಾಸಗಿ ವಿಷಯ ಅಂತ ಯಾರೂ ಪತ್ರ ಬರೆಯುವುದಿಲ್ಲ. ರಗ್ಬಿಯ ಸ್ಕ್ರಮ್ ನೋಡಿ. ಎಂಟೆಂಟು ಗಂಡಸರು ಒಬ್ಬರನ್ನೊಬ್ಬರು ತಬ್ಬಿ, ಮುಂದಿನವರ ಸೊಂಟದ ಸಂದಿಯಲ್ಲಿ ತಲೆ ತೂರಿಸಿ ತಳ್ಳುತ್ತಾರೆ. ಫುಟ್‌ಬಾಲಿನಲ್ಲಿ ಗೋಲು ಬಿದ್ದರೆ ಮೇಲೆ ಬಿದ್ದು ಮುತ್ತು ಕೊಡುತ್ತಾರೆ. ಆಟ ಮುಗಿದ ಮೇಲೆ ಒಟ್ಟಿಗೆ ಸ್ನಾನ. ಇಷ್ಟೊಂದು ಮುಟ್ಟುವಿಕೆ ಬೇರೆ ಯಾವ ಕೆಲಸದಲ್ಲೂ ಗಂಡಸರಿಗೆ ಸಿಗುವುದಿಲ್ಲ. ಇದಕ್ಕೆಲ್ಲ ಪರವಾನಗಿ ಇರುವುದು ಒಂದೇ ಷರತ್ತಿನ ಮೇಲೆ: ಇಲ್ಲಿ ಯಾರೂ ‘ಅಂಥವರು’ ಇಲ್ಲ. ತಾನು ಅಂಥವನೇ ಎಂದು ಗೊತ್ತಿರುವವನು ಪ್ರತಿ ಅಪ್ಪುಗೆಯನ್ನೂ ಅಳೆಯಬೇಕು. ಎಷ್ಟು ಹೊತ್ತು ಹಿಡಿದರೆ ಸರಿ, ಯಾವಾಗ ಬಿಡಬೇಕು, ಟವೆಲ್ ಸುತ್ತಿಕೊಂಡು ಎಲ್ಲಿ ನೋಡಬೇಕು. ನಾಟಕದ ನಟ ಇದನ್ನು ಒಂದು ಚೆಂಡು ಇಟ್ಟುಕೊಂಡು ತೋರಿಸುತ್ತಾನೆ. ಇಡೀ ಪ್ರದರ್ಶನದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಅದು.

ಗ್ಲೆನ್ ಬರ್ಕ್ ಕಥೆ ಗೊತ್ತಾ ನಿಮಗೆ? ಅಮೆರಿಕದ ಬೇಸ್‌ಬಾಲ್ ಆಟಗಾರ. 1977ರ ಅಕ್ಟೋಬರ್ 2ರಂದು ಅವರದೇ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಡಸ್ಟಿ ಬೇಕರ್ ಹೋಮ್ ರನ್ ಹೊಡೆದು ಬಂದಾಗ ಬರ್ಕ್ ಕೈ ಮೇಲೆತ್ತಿ ನಿಂತರು, ಬೇಕರ್ ಆ ಕೈಗೆ ಚಟ್ ಅಂತ ಹೊಡೆದರು. ಹೈ ಫೈವ್ ಹುಟ್ಟಿದ್ದು ಅಲ್ಲೇ ಅಂತ ಬಹಳ ಜನ ಹೇಳುತ್ತಾರೆ. ಇವತ್ತು ವಿಕೆಟ್ ಬಿದ್ದರೂ ಗೋಲು ಬಿದ್ದರೂ ಗಂಡಸರ ಸಂಭ್ರಮ ಅಂದರೆ ಅದೇ. ಬರ್ಕ್ ಸಲಿಂಗಿ, ತಂಡದಲ್ಲಿ ಕೆಲವರಿಗೆ ಅದು ಗೊತ್ತಿತ್ತು. ಮದುವೆ ಮಾಡಿಕೋ, ಹನಿಮೂನಿಗೆ 75,000 ಡಾಲರ್ ಕೊಡುತ್ತೇವೆ ಅಂತ ತಂಡದ ಆಡಳಿತದವರು ಆಸೆ ತೋರಿಸಿದರು, ‘ಹೆಂಗಸನ್ನಾ?’ ಅಂತ ತಾನು ಕೇಳಿದೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1978ರಲ್ಲಿ ಅವರನ್ನು ಓಕ್‌ಲ್ಯಾಂಡ್ ತಂಡಕ್ಕೆ ದಾಟಿಸಿದರು. ಎರಡು ವರ್ಷದಲ್ಲಿ ಆಟವೇ ಮುಗಿಯಿತು. ಮಲಗುವ ಕೋಣೆಯ ಬಾಗಿಲು ತಟ್ಟಿದವರು ಇಲ್ಲಿ ಯಾರು, ನೀವೇ ಹೇಳಿ.

ಕಾಲ ಬದಲಾಗಿದೆ ಅಂತೀರಿ. ಬದಲಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟು ನಿಧಾನ ನೋಡಿ. ಫುಟ್‌ಬಾಲ್ ಆಟಗಾರ ಜಸ್ಟಿನ್ ಫಾಶಾನು 1981ರಲ್ಲಿ 10 ಲಕ್ಷ ಪೌಂಡ್ ಬೆಲೆಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡ ಸೇರಿದರು. ಅಷ್ಟು ಬೆಲೆ ಬಂದ ಮೊದಲ ಕಪ್ಪು ಆಟಗಾರ ಇಂಗ್ಲೆಂಡಿನಲ್ಲಿ ಅವರೇ. ಸಲಿಂಗಿಗಳ ಕ್ಲಬ್ಬಿಗೆ ಹೋಗುತ್ತಾರೆ ಅನ್ನುವ ಸುದ್ದಿ ಮ್ಯಾನೇಜರ್ ಬ್ರಯಾನ್ ಕ್ಲಫ್ ಕಿವಿಗೆ ಬಿತ್ತು. ಕರೆಸಿ ಅವಮಾನ ಮಾಡಿದರು, ಕೊನೆಗೆ ತಂಡದ ಜೊತೆ ಅಭ್ಯಾಸ ಮಾಡುವುದನ್ನೇ ತಡೆದರು. 1990ರಲ್ಲಿ ಫಾಶಾನು ಪತ್ರಿಕೆಯೊಂದರಲ್ಲಿ ಬಹಿರಂಗವಾಗಿ ಹೇಳಿಕೊಂಡರು. 1998ರಲ್ಲಿ, 37ನೇ ವಯಸ್ಸಿನಲ್ಲಿ, ಪ್ರಾಣ ಕಳೆದುಕೊಂಡರು. ಅವರ ನಂತರ ಬ್ರಿಟನ್ನಿನಲ್ಲಿ ಇನ್ನೂ ಆಡುತ್ತಿರುವಾಗಲೇ ಹೀಗೆ ಹೇಳಿಕೊಂಡ ವೃತ್ತಿಪರ ಪುರುಷ ಫುಟ್‌ಬಾಲ್ ಆಟಗಾರ ಅಂದರೆ ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್, 2022ರಲ್ಲಿ. ಆಗ ಅವನಿಗೆ 17 ವರ್ಷ. ನಡುವೆ 32 ವರ್ಷ ಕಳೆದಿತ್ತು. ಅಷ್ಟು ವರ್ಷ ಆ ದೇಶದ ಸಾವಿರಾರು ಆಟಗಾರರಲ್ಲಿ ಒಬ್ಬನೂ ಸಲಿಂಗಿ ಇರಲಿಲ್ಲ ಅಂತ ನಂಬುತ್ತೀರಾ?

2022ರಲ್ಲೇ ಕತಾರ್ ವಿಶ್ವಕಪ್‌ನಲ್ಲಿ ಏಳು ಯುರೋಪಿನ ತಂಡಗಳ ನಾಯಕರು ಸಲಿಂಗಿಗಳೂ ಸೇರಿ ಯಾರಿಗೂ ಭೇದ ಮಾಡಬಾರದು ಅನ್ನುವ ಬಣ್ಣದ ಒಂದು ತೋಳುಪಟ್ಟಿ ಕಟ್ಟಿಕೊಳ್ಳಲು ಹೊರಟಿದ್ದರು. ಕಟ್ಟಿದರೆ ಹಳದಿ ಕಾರ್ಡ್ ಅಂತ ಫಿಫಾ ಹೆದರಿಸಿತು, ಎಲ್ಲರೂ ಹಿಂದೆ ಸರಿದರು. ಒಂದು ಬಟ್ಟೆ ಚೂರಿಗೆ ಇಷ್ಟು ಗಾಬರಿ ಆಗುವ ಕಡೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ ಅನ್ನುವುದು ಹೇಗೆ?

ಸಲಿಂಗಿ ಅಂದರೆ ಮೆತ್ತಗಿನವನು, ಅವನು ರಗ್ಬಿ ಆಡುವುದೇ ಸುಳ್ಳು ಅನ್ನುವ ಧಾಟಿಯಲ್ಲೂ ಒಂದು ಸಾಲು ಬರೆದಿದ್ದೀರಿ. ವೇಲ್ಸ್ ಪರ 100 ಅಂತರರಾಷ್ಟ್ರೀಯ ಪಂದ್ಯ ಆಡಿದ ಮೊದಲಿಗರು ಗ್ಯಾರೆತ್ ಥಾಮಸ್. 2009ರಲ್ಲಿ ಅವರು ವಿಷಯ ಹೇಳಿಕೊಂಡರು, ಅಷ್ಟು ಹೊತ್ತಿಗೆ ಮದುವೆಯೂ ಆಗಿತ್ತು, ಅದು ಮುರಿದೂ ಆಗಿತ್ತು. ಕ್ರಿಕೆಟ್ಟಿನಲ್ಲಿ ಇಂಗ್ಲೆಂಡಿನ ವಿಕೆಟ್ ಕೀಪರ್ ಸ್ಟೀವನ್ ಡೇವಿಸ್ 2011ರಲ್ಲಿ ಹೇಳಿದರು. ಅದಕ್ಕೂ ಮೊದಲೇ, ಆ್ಯಶಸ್ ಪ್ರವಾಸಕ್ಕೆ ಹೊರಡುವ ಮುಂಚೆ, ಜೊತೆ ಆಟಗಾರರಿಗೆ ತಿಳಿಸಿದ್ದರು. ಆಕಾಶ ಏನೂ ಕಳಚಿ ಬೀಳಲಿಲ್ಲ. ಆ ಸರಣಿಯನ್ನು ಇಂಗ್ಲೆಂಡ್ ಗೆದ್ದಿತು.

ಹೆಂಗಸರ ಬಗ್ಗೆ ಯಾಕೆ ನಾಟಕ ಇಲ್ಲ, ಅಲ್ಲಿ ಎಷ್ಟೋ ಜನ ಮುಕ್ತವಾಗಿಯೇ ಇದ್ದಾರಲ್ಲ ಎಂದೂ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಅದು ಇನ್ನೊಂದೇ ನಾಟಕ. ಚೆನ್ನಾಗಿ ಆಡಿದರೆ ಗಂಡಸಿನ ಗಂಡಸ್ತನಕ್ಕೆ ಸರ್ಟಿಫಿಕೇಟ್ ಸಿಗುತ್ತದೆ. ಅದೇ ಹೆಣ್ಣುಮಗಳು ಚೆನ್ನಾಗಿ ಓಡಿದರೆ ನೀನು ಹೆಣ್ಣೇನಾ ಅಂತ ಪರೀಕ್ಷೆ. 1968ರಿಂದ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಕ್ರೋಮೋಸೋಮ್ ಪರೀಕ್ಷೆ ಇತ್ತು, ಗಂಡಸರಿಗೆ ಅಂಥದ್ದು ಯಾವತ್ತೂ ಇರಲಿಲ್ಲ. ನಮ್ಮ ಓಟಗಾರ್ತಿ ದ್ಯುತಿ ಚಂದ್ ಅವರನ್ನು 2014ರಲ್ಲಿ ಹಾರ್ಮೋನ್ ಜಾಸ್ತಿ ಅಂತ ಹೊರಗಿಟ್ಟರು, 2015ರಲ್ಲಿ ಕ್ರೀಡಾ ನ್ಯಾಯಮಂಡಳಿಯಲ್ಲಿ ಹೋರಾಡಿ ಅವರು ಓಟಕ್ಕೆ ಮರಳಿದರು, 2019ರಲ್ಲಿ ತನ್ನ ಸಂಗಾತಿ ಒಬ್ಬಳು ಹುಡುಗಿ ಅಂತ ಹೇಳಿದರು. ಅವರ ಜಾಗದಲ್ಲಿ ಒಬ್ಬಳೇ ನಟಿಯನ್ನು ನಿಲ್ಲಿಸಿ ಯಾರಾದರೂ ನಾಟಕ ಬರೆದರೆ ಮೊದಲ ಸಾಲಿನಲ್ಲಿ ನಾನಿರುತ್ತೇನೆ.

ಇನ್ನು ಪತ್ರದ ಕೊನೆಯಲ್ಲಿ, ಬೈದೆಲ್ಲ ಮುಗಿಸಿದ ಮೇಲೆ, ಶಾಲೆಯ ತಂಡದಲ್ಲಿ ಆಡುವ ಮಗ ಈ ನಾಟಕಕ್ಕೆ ಹೋಗಬೇಕು ಅನ್ನುತ್ತಿದ್ದಾನೆ, ಕಳಿಸಬಹುದಾ ಅಂತ ಕೇಳಿದ್ದೀರಿ. ನಿಜ ಹೇಳುತ್ತೇನೆ, ಇಷ್ಟು ಉದ್ದ ಉತ್ತರ ಬರೆಯಲು ಕಾರಣ ಆ ಸಾಲು. ಕಳಿಸಿ. ಬೆತ್ತಲೆ ದೃಶ್ಯ ಇಲ್ಲ. ಬೈಗುಳ ತುಂಬಾ ಇದೆ, ಆದರೆ ಅವನು ತನ್ನ ತಂಡದಲ್ಲಿ ಕೇಳದ ಬೈಗುಳ ಅಲ್ಲಿ ಒಂದೂ ಇರಲಾರದು. ಸಾಧ್ಯವಾದರೆ ನೀವೂ ಹೋಗಿ. ಮುಗಿದ ಕೂಡಲೇ ಹೇಗಿತ್ತು, ಏನನ್ನಿಸಿತು, ನಿನ್ನ ತಂಡದಲ್ಲೂ ಹೀಗೇನಾ ಅಂತ ವಿಚಾರಣೆ ಶುರು ಮಾಡಬೇಡಿ. ಅವನಾಗಿ ಬಾಯಿ ಬಿಟ್ಟರೆ ಕೇಳಿಸಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಪಂದ್ಯದ ಬಗ್ಗೆ ಮಾತಾಡಿ. ಮತ್ತೆ, ಕೊನೆಯ ಹತ್ತು ನಿಮಿಷ ನಿಮಗೆ ಆಕಳಿಕೆ ಬಂದರೆ ನನ್ನನ್ನು ಬೈಯಬೇಡಿ, ಮೊದಲೇ ಹೇಳಿದ್ದೇನೆ.

ಸಂಪಾದಕ