ಭ್ರೂಣದ ಜೀನ್ ತಿದ್ದುವುದಕ್ಕೆ ಮಾತ್ರ ಯಾಕಿಷ್ಟು ವಿರೋಧ?

ರೋಗಿಯ ಜೀನ್ ತಿದ್ದುವುದು ಸರಿಯಾದರೆ ಭ್ರೂಣದಲ್ಲೇ ತಿದ್ದಿದರೆ ತಪ್ಪೇನು ಅಂತ ಪ್ರಶ್ನೆ. ಕತ್ತರಿ ಒಂದೇ, ಜೀನ್ ಕತ್ತರಿಸಿ ತಿದ್ದುವ ಕ್ರಿಸ್ಪರ್ ಎಂಬ ತಂತ್ರ. ಎಡವಿದಾಗ ಯಾರು ಅನುಭವಿಸಬೇಕು ಎನ್ನುವಲ್ಲಿ ವ್ಯತ್ಯಾಸ.

2023ರ ಕೊನೆಗೆ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟ, ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗದ ಚಿಕಿತ್ಸೆ ಕ್ಯಾಸ್ಜೆವಿಯಲ್ಲಿ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ತಿದ್ದಿ, ಪರೀಕ್ಷಿಸಿದ ಮೇಲಷ್ಟೇ ವಾಪಸ್ ಸೇರಿಸುತ್ತಾರೆ. ಬದಲಾವಣೆ ಆ ರೋಗಿಯಲ್ಲೇ ನಿಲ್ಲುತ್ತದೆ.

ಭ್ರೂಣದಲ್ಲಿ ಹಾಗಲ್ಲ. ಬದಲಾವಣೆ ಮುಂದಿನ ಪೀಳಿಗೆಗೂ ಹೋಗಬಹುದು, ಸರಿಯಾಗಿ ತಿದ್ದಿದೆಯೇ ಎಂದು ಪೂರ್ತಿ ಪರೀಕ್ಷಿಸಲೂ ಆಗದು. ಒಂದೇ ಕೋಶವಿದ್ದಾಗ ಕ್ರಿಸ್ಪರ್ ಚುಚ್ಚಿದರೂ, ಕೋಶ ಎರಡು, ನಾಲ್ಕು ಆಗುವಾಗಲೂ ಅದು ಕತ್ತರಿಸುತ್ತಲೇ ಇರಬಹುದು. ಆಗ ಕೆಲವು ಕೋಶ ತಿದ್ದಿದವು, ಕೆಲವು ತಿದ್ದದವು, ಕೆಲವು ಬೇರೆಯೇ ರೀತಿ ಕೆಟ್ಟವು. ಇದೇ ಮೊಸಾಯಿಸಿಸಂ. ಐದಾರು ಕೋಶ ಕಿತ್ತು ಪರೀಕ್ಷಿಸಿದರೆ ಉಳಿದವುಗಳ ಕಥೆ ತಿಳಿಯುವುದಿಲ್ಲ; ಎಲ್ಲವನ್ನೂ ಪರೀಕ್ಷಿಸಿದರೆ ಭ್ರೂಣವೇ ಇರುವುದಿಲ್ಲ!

2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಅವಳಿ ಹೆಣ್ಣುಮಕ್ಕಳ ಸಿಸಿಆರ್5 ಜೀನ್ (ವೈರಸ್ ಕೋಶದೊಳಗೆ ನುಗ್ಗಲು ಬಳಸುವ ಬಾಗಿಲನ್ನು ರೂಪಿಸುವ ಜೀನ್) ತಿದ್ದಿದ್ದು ಎಚ್‌ಐವಿ ತಡೆಯಲು. ತಂದೆಗೆ ಸೋಂಕಿತ್ತು ನಿಜ, ಆದರೆ ವೀರ್ಯಾಣುಗಳನ್ನು ಸೋಂಕಿತ ದ್ರವದಿಂದ ಬೇರ್ಪಡಿಸುವ, ವೀರ್ಯ ತೊಳೆಯುವ ಹಳೆಯ ವಿಧಾನವೇ ಮಗುವಿಗೆ ಸೋಂಕು ತಗುಲದಂತೆ ತಡೆಯುತ್ತದೆ. ಮಕ್ಕಳಲ್ಲಿ ಮೂಡಿದ್ದು ಕೆಲವರಲ್ಲಿ ಸಹಜವಾಗಿಯೇ ಇದ್ದು ಸೋಂಕು ತಡೆಯುವ, ಈ ಜೀನ್‌ನ 32 ಡಿಎನ್‌ಎ ಅಕ್ಷರಗಳ ಅಳಿಕೆಯೂ ಅಲ್ಲ, ಹೊಸ ಬದಲಾವಣೆಗಳು. ಮೇಲಾಗಿ ಸಿಸಿಆರ್5 ಇಲ್ಲದವರಲ್ಲಿ ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ಸೋಂಕು ಉಲ್ಬಣಿಸುವ ಅಪಾಯ ಹೆಚ್ಚು. ಹೆ ಜಿಯಾನ್‌ಕುಯಿಗೆ 3 ವರ್ಷ ಜೈಲಾಯಿತು.

"ವಂಶವಾಹಿ ರೋಗ ತಡೆಯೋಣ" ಎಂಬ ವಾದವೂ ನನಗೆ ಅರ್ಧ ಸತ್ಯವೇ. ಇಬ್ಬರೂ ಒಂದೇ ಅಪ್ರಬಲ ರೋಗದ (ಜೀನ್‌ನ ಎರಡೂ ಪ್ರತಿ ಕೆಟ್ಟರಷ್ಟೇ ಬರುವ ರೋಗದ) ವಾಹಕರಾಗಿರುವ, ಅಂದರೆ ಒಂದು ಕೆಟ್ಟ ಪ್ರತಿ ಹೊಂದಿರುವ, ದಂಪತಿಗೆ ರೋಗಪೀಡಿತ ಭ್ರೂಣದ ಸಾಧ್ಯತೆ 25%. ಐವಿಎಫ್‌ನಲ್ಲಿ (ದೇಹದ ಹೊರಗೆ ಭ್ರೂಣ ರೂಪಿಸುವ ವಿಧಾನ) ಪರೀಕ್ಷಿಸಿ ಉಳಿದವುಗಳಲ್ಲಿ ಆರಿಸಿಕೊಂಡರೆ ಸಾಕು. ಇಬ್ಬರಿಗೂ ಒಂದೇ ಅಪ್ರಬಲ ರೋಗವಿರುವಂಥ ಸಂದರ್ಭದಲ್ಲಿ ಆರಿಸಲು ಆರೋಗ್ಯವಂತ ಭ್ರೂಣವೇ ಸಿಗದು. ಚರ್ಚೆಗೆ ಅರ್ಹವಾದದ್ದು ಆ ಅಪರೂಪದ ಪ್ರಕರಣ.