ಚೀಲದ ಪಾಟಿಂಗ್ ಮಿಕ್ಸ್ ಆರಿಸುವಾಗ

ಪಾಟಿಂಗ್ ಮಿಕ್ಸ್‌ಗೆ (ಕುಂಡಕ್ಕೆ ತುಂಬುವ ಸಿದ್ಧ ಮಿಶ್ರಣ) ಹಾಕಿದ ಟೊಮೆಟೊ ಸಸಿ ಹಳದಿಯಾಯ್ತು, ಯಾವ ಚೀಲ ತರಲಿ ಅಂತ ಕೇಳಿದ್ದೀರಿ. ಮೊದಲು ಸಣ್ಣ ಚೀಲ ತಂದು ಒಂದು ಹಿಡಿ ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಇದ್ದರೆ ಸರಿ. ಹುಳಿ ವಾಸನೆ, ಅಮೋನಿಯಾ ಘಾಟು ಬಂದರೆ ಅದರಲ್ಲಿನ ಗೊಬ್ಬರ ಇನ್ನೂ ಕಳಿತಿಲ್ಲ. ಒದ್ದೆ ಮಾಡಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಹಸಿ ಮರದ ಚೂರು ಜಾಸ್ತಿ ಕಂಡರೆ ಖಂಡಿತ ಬೇಡ. ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಸಾರಜನಕವನ್ನೆಲ್ಲ ಎಳೆದುಕೊಳ್ಳುತ್ತವೆ, ಗಿಡಕ್ಕೆ ಅದು ಸಾಲದೆ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ನಿಮ್ಮಲ್ಲೂ ಹಾಗೇ ಆಗಿರಬಹುದು, ಒಮ್ಮೆ ಕೆದಕಿ ನೋಡಿ. ಬೀಜ ಮೊಳೆಸಲು ಮಾತ್ರ ಗೊಬ್ಬರ ಕಮ್ಮಿ ಇರುವ, ಸಣ್ಣ ಪುಡಿಯ ಮಿಶ್ರಣ ಬೇರೆಯೇ ತಗೊಳ್ಳಿ. ಚೀಲ ಭಾರ ಇದ್ದರೆ ಒಳ್ಳೇದು ಅಂದುಕೊಳ್ಳಬೇಡಿ, ಒಳಗೆ ಬರೀ ನೀರಿರಬಹುದು. ಲೀಟರ್ ಲೆಕ್ಕ ನೋಡಿ ಕೊಳ್ಳಿ.